ಸೊನ್ನೆ ಸೊನ್ನೆ ಒಂಬತ್ತು ಏಳು ಒಂದು: ಮನೆಯಿಂದ ಪರದೇಶಕ್ಕೆ ಫೋನು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಕಾಸರಗೋಡು ಜಿಲ್ಲೆಯವು. ಕೇಳಿದ್ದೂ ಬಹುಮಟ್ಟಿಗೆ ಒಂದೇ ವಿಷಯ: ಹೊರದೇಶದಲ್ಲಿರುವ ಮನೆಯವರಿಗೆ ಫೋನು. ಉತ್ತರ ಓದುವ ಮುಂಚೆ ಒಂದು ಮಾತು. ಕರೆ ಹೋಗುವುದಕ್ಕೆ ದಾರಿ ಎರಡುಂಟು. ನಂಬ್ರ ಒತ್ತಿ ಮಾಡುವ ಕರೆ ಫೋನ್ ಕಂಪೆನಿಯ ದಾರಿಯಲ್ಲಿ ಹೋಗುತ್ತದೆ. ವಾಟ್ಸಾಪ್, ಬೋಟಿಮ್ ಮುಂತಾದವುಗಳ ಕರೆ ನೆಟ್ಟಿನ ದಾರಿಯಲ್ಲಿ. ಒಂದರ ಖರ್ಚು, ಒಂದರ ಕಾಯಿಲೆ, ಒಂದರ ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಇವೆರಡನ್ನು ಬೆರೆಸಿಕೊಂಡದ್ದರಿಂದಲೇ ಹುಟ್ಟಿದ ಪ್ರಶ್ನೆಗಳು ಕೆಳಗೆ ಹಲವು ಇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಮಗ ದುಬೈಯಲ್ಲಿ ಹೊಸ ಸಿಮ್ ತೆಗೆದುಕೊಂಡಿದ್ದಾನೆ. ನಂಬ್ರ 050ರಿಂದ ಸುರು. ನಾನು 00971 ಹಾಕಿ, ಅವನು ಕೊಟ್ಟದ್ದನ್ನು ಹಾಗೆಯೇ ಒತ್ತುತ್ತೇನೆ. ನಂಬ್ರ ಸರಿಯಿಲ್ಲ ಎಂದು ಹೇಳುತ್ತದೆ. ನನ್ನದು ಗುಂಡಿಯ ಸಣ್ಣ ಫೋನು. (ಬದಿಯಡ್ಕ)

ಉತ್ತರ: ತಪ್ಪಿರುವುದು ಒಂದೇ ಸೊನ್ನೆಯಲ್ಲಿ. 050ರ ಮೊದಲ ಸೊನ್ನೆ ಆ ದೇಶದ ಒಳಗೆ ಕರೆ ಮಾಡುವವರಿಗೆ ಮಾತ್ರ. ನಮ್ಮ ಕಾಸರಗೋಡಿನ 04994ರ ಸೊನ್ನೆ ಇದ್ದ ಹಾಗೆ. ಹೊರಗಿನಿಂದ ಮಾಡುವಾಗ ಅದನ್ನು ಬಿಡಬೇಕು. ಒತ್ತಬೇಕಾದದ್ದು 00, ನಂತರ 971, ನಂತರ 50, ನಂತರ ಉಳಿದ 7 ಅಂಕಿ. 971ರ ಬಳಿಕ ಒಟ್ಟು 9 ಅಂಕಿ ಬಂದರೆ ಯುಎಇ ಮೊಬೈಲ್ ನಂಬ್ರ ಸರಿಯಾಗಿದೆ ಎಂದು ಲೆಕ್ಕ. ಸೌದಿಯದ್ದೂ ಹೀಗೆಯೇ: ಕೋಡ್ 966, ಮೊಬೈಲ್ ಅಲ್ಲಿ 05ರಿಂದ ಸುರು, ಇಲ್ಲಿಂದ 5ರಿಂದ, ಒಟ್ಟು 9 ಅಂಕಿ.

ಕತಾರ್ (974), ಕುವೈತ್ (965), ಬಹರೈನ್ (973), ಒಮಾನ್ (968) ಇವುಗಳಲ್ಲಿ ಈ ಸೊನ್ನೆಯ ರಗಳೆಯೇ ಇಲ್ಲ. ಕೋಡ್ ಹಾಕಿ ನೇರ 8 ಅಂಕಿ ಒತ್ತಿದರಾಯಿತು. ಇಂಗ್ಲೆಂಡ್ (44) ಯುಎಇಯ ಜಾತಿ. ಅಲ್ಲಿನ ಮೊಬೈಲ್ 07ರಿಂದ ಸುರುವಾದರೆ ಇಲ್ಲಿಂದ 7ರಿಂದ. ಸೊನ್ನೆ ಬಿಡಬಾರದ ದೇಶವೂ ಉಂಟು: ಇಟಲಿಯ (39) ಮನೆ ಫೋನಿನ ಸೊನ್ನೆಯನ್ನು ಹೊರಗಿನಿಂದಲೂ ಒತ್ತಲೇಬೇಕು.

ಪ್ರತಿ ಸಲ ಇಷ್ಟು ಒತ್ತುವ ಬದಲು ನಂಬ್ರವನ್ನು ಕೂಡಿಸುವ ಚಿಹ್ನೆಯೊಡನೆ (+) ಉಳಿಸಿಡಿ. ನಿಮ್ಮ ಗುಂಡಿ ಫೋನಿನಲ್ಲಿ 0 ಗುಂಡಿಯನ್ನು ಒತ್ತಿ ಹಿಡಿದರೆ + ಬರುತ್ತದೆ. ಹಳೆಯ ನೋಕಿಯಾಗಳಲ್ಲಿ ನಕ್ಷತ್ರದ ಗುಂಡಿಯನ್ನು ಬೇಗ ಬೇಗ ಎರಡು ಸಲ ಒತ್ತಬೇಕು. + ಎಂದರೆ ‘ಈ ದೇಶದಿಂದ ಹೊರಗೆ ಹೋಗುವ ಕೋಡ್ ಏನಿದೆಯೋ ಅದನ್ನು ನೀನೇ ಹಾಕಿಕೋ’ ಎಂದು ಫೋನಿಗೆ ಹೇಳಿದಂತೆ. ನಮ್ಮಲ್ಲಿ, ಗಲ್ಫಿನಲ್ಲಿ ಅದು 00. ಅಮೆರಿಕದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011. ಹಾಗಾಗಿ + ಹಾಕಿ ಉಳಿಸಿದ ನಂಬ್ರ ಯಾವ ದೇಶದಲ್ಲಿ ಕೂತು ಒತ್ತಿದರೂ ನಡೆಯುತ್ತದೆ. ಮನೆಯ ಲ್ಯಾಂಡ್‌ಲೈನಿನಲ್ಲಿ + ಇಲ್ಲ, ಅಲ್ಲಿ 00ಯೇ.

ಇನ್ನೊಂದು. ಹೊರದೇಶದ ನಂಬ್ರ ಒತ್ತಿದ ಮೇಲೆ ರಿಂಗ್ ಆಗಲು ಹತ್ತು ಸೆಕೆಂಡ್ ಹಿಡಿದೀತು. ಸದ್ದಿಲ್ಲವೆಂದು ಕೂಡಲೇ ಕಟ್ ಮಾಡಬೇಡಿ. ಆಮೇಲೆ ಕೇಳುವ ರಿಂಗ್ ಸದ್ದೂ ನಮ್ಮದರಂತೆ ಇರಲಿಕ್ಕಿಲ್ಲ. ನಮ್ಮಲ್ಲಿ, ಇಂಗ್ಲೆಂಡಿನಲ್ಲಿ ‘ಟ್ರಿಂಗ್-ಟ್ರಿಂಗ್’ ಎಂದು ಜೋಡಿಯಾಗಿ ಬರುತ್ತದೆ. ಅಮೆರಿಕದ್ದು ಎರಡು ಸೆಕೆಂಡಿನ ಒಂದೇ ಉದ್ದ ಸದ್ದು, ನಾಲ್ಕು ಸೆಕೆಂಡ್ ಮೌನ. ಅದನ್ನು ಎಂಗೇಜ್ ಎಂದುಕೊಂಡು ಇಟ್ಟುಬಿಡುವ ಹಿರಿಯರಿದ್ದಾರೆ.

ಪ್ರಶ್ನೆ: ಮೂರು ತಿಂಗಳ ಅನ್‌ಲಿಮಿಟೆಡ್ ರೀಚಾರ್ಜ್ ಮಾಡಿಸಿದ್ದೇನೆ. ಊರಿನೊಳಗೆ ಎಷ್ಟು ಮಾತಾಡಿದರೂ ಹಣವಿಲ್ಲ. ಆದರೆ ಅಬುಧಾಬಿಗೆ ಕರೆ ಹೋಗುವುದೇ ಇಲ್ಲ. ಮೋಸವೇ? (ಪೈವಳಿಕೆ)

ಉತ್ತರ: ಮೋಸವಲ್ಲ. ಅನ್‌ಲಿಮಿಟೆಡ್ ಎಂಬುದು ಭಾರತದ ಒಳಗಿನ ಮಾತಿಗೆ. ಹೊರದೇಶದ ಕರೆಗೆ ಹಣ ಹೋಗುವುದು ಮೇನ್ ಬ್ಯಾಲೆನ್ಸಿನಿಂದ. ಪ್ಯಾಕ್ ಹಾಕಿಸುವವರ ಮೇನ್ ಬ್ಯಾಲೆನ್ಸ್ ಸಾಮಾನ್ಯವಾಗಿ ಸೊನ್ನೆಯಲ್ಲೇ ಇರುತ್ತದೆ. ಅಂಗಡಿಯಲ್ಲಿ ‘ಟಾಪ್‌ಅಪ್’ ಎಂದೇ ಕೇಳಿ ಹಾಕಿಸಬೇಕು. 100 ರೂಪಾಯಿ ಟಾಪ್‌ಅಪ್ ಹಾಕಿದರೆ ಜಿಎಸ್‌ಟಿ, ಸೇವಾ ಖರ್ಚು ಕಳೆದು ಕೈಗೆ ಸಿಗುವುದು 81 ರೂಪಾಯಿ 75 ಪೈಸೆ. ಬ್ಯಾಲೆನ್ಸ್ ಇದ್ದೂ ಹೋಗದಿದ್ದರೆ ಆ ಸಿಮ್ಮಿನಲ್ಲಿ ಐಎಸ್‌ಡಿ (ಹೊರದೇಶಕ್ಕೆ ನಂಬ್ರ ಒತ್ತಿ ಮಾಡುವ ಕರೆ) ಮುಚ್ಚಿರಬಹುದು. ಕಂಪೆನಿಯ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ಹೇಳಿ ತೆರೆಸಿ. ಲ್ಯಾಂಡ್‌ಲೈನಿಗೂ ಹೀಗೆಯೇ, ಬೇಕೆಂದು ಕೇಳಿದವರಿಗೆ ತೆರೆಯುತ್ತಾರೆ.

ದರ ನೋಡುವಾಗ ಎರಡು ಸಂಗತಿ ನೋಡಿ. ಒಂದು, ನಿಮಿಷಕ್ಕೆ ಎಷ್ಟು. ಇನ್ನೊಂದು, ಲೆಕ್ಕ ನಿಮಿಷದ್ದೋ ಸೆಕೆಂಡಿನದ್ದೋ. ನಿಮಿಷಕ್ಕೆ 12 ರೂಪಾಯಿ, ಲೆಕ್ಕವೂ ನಿಮಿಷದ್ದು ಎಂದಿಟ್ಟುಕೊಳ್ಳಿ. 1 ನಿಮಿಷ 5 ಸೆಕೆಂಡ್ ಮಾತಾಡಿದರೆ 24 ರೂಪಾಯಿ ಹೋಗುತ್ತದೆ. ನಿಮ್ಮ 81.75ರಲ್ಲಿ ಸಿಗುವುದು ಪೂರ್ತಿ 6 ನಿಮಿಷ, ಉಳಿದ ಚಿಲ್ಲರೆಯಲ್ಲಿ ಇನ್ನೊಂದು ನಿಮಿಷ ಬರುವುದಿಲ್ಲ. ಐಎಸ್‌ಡಿ ಪ್ಯಾಕ್ ಹಾಕಿಸಿದರೆ ದರ ಇಳಿಯುತ್ತದೆ, ಆದರೆ ಪ್ಯಾಕ್ ಯಾವ ದೇಶಕ್ಕೆ, ಎಷ್ಟು ದಿನಕ್ಕೆ ಎಂದು ಓದಿ. ಅಮೆರಿಕದ ಪ್ಯಾಕ್ ಹಾಕಿಸಿ ದುಬೈಗೆ ಮಾತಾಡಿದರೆ ಪೂರ್ತಿ ದರವೇ.

ಅಷ್ಟು ದೂರದ ಅಮೆರಿಕಕ್ಕೆ ಅಗ್ಗ, ಸಮುದ್ರದಾಚೆ ಇಲ್ಲೇ ಇರುವ ಗಲ್ಫಿಗೆ ದುಬಾರಿ ಯಾಕೆ ಎಂದು ಇದೇ ಪತ್ರದಲ್ಲಿ ಕೇಳಿದ್ದೀರಿ. ದೂರಕ್ಕೂ ದರಕ್ಕೂ ಸಂಬಂಧವಿಲ್ಲ. ಕರೆಯನ್ನು ಕೊನೆಯ ಫೋನಿಗೆ ಮುಟ್ಟಿಸುವ ಆ ದೇಶದ ಕಂಪೆನಿ ನಮ್ಮ ಕಂಪೆನಿಯಿಂದ ನಿಮಿಷಕ್ಕಿಷ್ಟು ಎಂದು ವಸೂಲು ಮಾಡುತ್ತದೆ. ಅಮೆರಿಕದಲ್ಲಿ ಈ ವಸೂಲಿ ಅತ್ಯಲ್ಪ, ಗಲ್ಫಿನಲ್ಲಿ ಜಾಸ್ತಿ. ಅಗ್ಗದ ಅಮೆರಿಕಕ್ಕೂ ಒಂದು ಎಚ್ಚರಿಕೆ: ಆಚೆಯವರು ಎತ್ತದಿದ್ದರೆ ಕೆಲವು ರಿಂಗ್ ಬಳಿಕ ವಾಯ್ಸ್‌ಮೇಲ್ ಯಂತ್ರ ಎತ್ತುತ್ತದೆ. ಯಂತ್ರ ಎತ್ತಿದರೂ ಎತ್ತಿದ ಲೆಕ್ಕವೇ, ಹಣ ಹೋಗುತ್ತದೆ.

ಪ್ರಶ್ನೆ: ಶಾರ್ಜಾದಲ್ಲಿರುವ ಅಳಿಯನಿಗೆ ವಾಟ್ಸಾಪ್ ಕರೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತುತ್ತಾರೆ, ಮತ್ತೆ ‘ಕನೆಕ್ಟಿಂಗ್’ ಎಂದೇ ನಿಲ್ಲುತ್ತದೆ. ಕುವೈತಿನ ತಮ್ಮನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತೇನೆ. ವಿಪಿಎನ್ ಹಾಕಿದರೆ ಸರಿಯಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಹಾಕಬಹುದೇ? (ಕುಂಬಳೆ)

ಉತ್ತರ: ನಿಮ್ಮ ಫೋನೂ ಸರಿಯಿದೆ, ನೆಟ್ಟೂ ಸರಿಯಿದೆ. ಯುಎಇಯಲ್ಲಿ ವಾಟ್ಸಾಪ್ ಕರೆ, ಫೇಸ್‌ಟೈಮ್ ಕರೆ ಎರಡನ್ನೂ ತಡೆದಿದ್ದಾರೆ. ಸಂದೇಶ, ಫೋಟೋ, ವಾಯ್ಸ್ ಮೆಸೇಜ್ ಹೋಗುತ್ತವೆ, ಕರೆಯ ಧ್ವನಿ ಮಾತ್ರ ದಾಟುವುದಿಲ್ಲ. ರಿಂಗ್ ಆಗುವುದು, ಎತ್ತಿದ ಮೇಲೆ ಕನೆಕ್ಟಿಂಗ್‌ನಲ್ಲಿ ನಿಲ್ಲುವುದು ಈ ತಡೆಯ ಗುರುತೇ. ಸೌದಿ 2017ರ ಸೆಪ್ಟೆಂಬರಿನಲ್ಲಿ ನೆಟ್ ಕರೆಯ ತಡೆಯನ್ನು ಸಡಿಲಿಸಿತು, ಯುಎಇ ಸಡಿಲಿಸಿಲ್ಲ.

ವಿಪಿಎನ್ (ನೆಟ್ಟನ್ನು ಬೇರೆ ಕಡೆಯಿಂದ ಸುತ್ತಿಸಿ ತರುವ ಆ್ಯಪ್) ಮಾತು ಬಿಡಿ. ತಾನು ಇರುವ ಜಾಗ ಮರೆಸುವಂತೆ ಅದನ್ನು ಬಳಸಿ ಅಲ್ಲಿ ನಿಷೇಧಿಸಿದ್ದನ್ನು ಮಾಡುವುದು ಯುಎಇಯ 2021ರ ಸೈಬರ್ ಕಾನೂನಿನ ಪ್ರಕಾರ ಅಪರಾಧ. ದಂಡ 5 ಲಕ್ಷ ದಿರ್ಹಮ್‌ನಿಂದ 20 ಲಕ್ಷದವರೆಗೆ. ಕುಂಬಳೆಯಲ್ಲಿ ಕೂತ ನಿಮಗೇನೂ ಆಗಲಿಕ್ಕಿಲ್ಲ, ಸಿಕ್ಕಿಬೀಳುವವರು ಅಳಿಯ. ಪುಕ್ಕಟೆ ವಿಪಿಎನ್‌ಗಳು ಫೋನಿನ ಮಾಹಿತಿ ಹೀರುತ್ತವೆ ಎಂಬುದು ಬೇರೆ ತಲೆಬಿಸಿ.

ಅಲ್ಲಿ ಅನುಮತಿಯಿರುವ ಆ್ಯಪ್ ಬಳಸಿದರೆ ಆಯಿತು. ಊರಿನವರು ಹೆಚ್ಚಾಗಿ ಇಟ್ಟುಕೊಂಡಿರುವುದು ಬೋಟಿಮ್. ನೀವೂ ಹಾಕಿಕೊಳ್ಳಬೇಕು, ಅವರೂ ಹಾಕಿಕೊಳ್ಳಬೇಕು. ನಿಮ್ಮ ನಂಬ್ರಕ್ಕೆ ಬರುವ ಒಟಿಪಿ ಹಾಕಿದರೆ ಖಾತೆ ತೆರೆಯುತ್ತದೆ. ಕರೆ ಹೋಗದಿದ್ದರೆ ಅಳಿಯನ ಸಿಮ್ ಕಂಪೆನಿ ನೆಟ್ ಕರೆಗೆ ಬೇರೆ ಪ್ಯಾಕ್ ಕೇಳುತ್ತದೆಯೇ ಎಂದು ಅವರು ವಿಚಾರಿಸಲಿ. ಇನ್ನೊಂದು ಉಪಾಯ ಆಫೀಸಿನವರ ಆ್ಯಪ್‌ಗಳು: ಗೂಗಲ್ ಮೀಟ್, ಝೂಮ್, ಮೈಕ್ರೋಸಾಫ್ಟ್ ಟೀಮ್ಸ್ ಯುಎಇಯ ಅನುಮತಿ ಪಟ್ಟಿಯಲ್ಲಿವೆ. ಮೀಟ್‌ನಲ್ಲಿ ಇಬ್ಬರೇ ಇದ್ದರೆ ಹೊತ್ತಿನ ಚಿಂತೆಯಿಲ್ಲ. ಮೂವರು ಅಥವಾ ಹೆಚ್ಚಿದ್ದರೆ ಪುಕ್ಕಟೆಯಲ್ಲಿ 60 ನಿಮಿಷ. ಝೂಮ್‌ನಲ್ಲಿ 40 ನಿಮಿಷ. ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಇಬ್ಬರೂ ಒತ್ತಿದರೆ ಮುಗಿಯಿತು. ಮನೆಯ ಹಿರಿಯರಿಗೆ ಲಿಂಕ್ ಒತ್ತಲು ಕಲಿಸಲು ಒಂದು ಸಂಜೆ ಸಾಕು, ಸಹನೆ ಮಾತ್ರ ಬೇಕು.

ಪ್ರಶ್ನೆ: ನೆಟ್ ಕರೆ ತುಂಡು ತುಂಡಾಗುತ್ತದೆ. ಕೆಲವೊಮ್ಮೆ ನನ್ನ ಮಾತು ನನಗೇ ತಿರುಗಿ ಕೇಳುತ್ತದೆ. ಕರೆಂಟ್ ಹೋದರಂತೂ ಮುಗಿಯಿತು, ಒಳಗೆ ರೇಂಜೂ ಇಲ್ಲ. ಮನೆಗೆ ಫೈಬರ್ ಇದೆ. ಏನು ಮಾಡಬೇಕು? (ಮುಳ್ಳೇರಿಯ)

ಉತ್ತರ: ನೀವು ಬರೆದದ್ದು ಒಂದು ಕಾಯಿಲೆಯಲ್ಲ, ನಾಲ್ಕು.

ನಿಮ್ಮ ಮಾತು ನಿಮಗೇ ಮರಳಿ ಕೇಳಿದರೆ ದೋಷ ನಿಮ್ಮ ಕಡೆಯದ್ದಲ್ಲ, ಆಚೆಯದ್ದು. ಅವರ ಸ್ಪೀಕರಿನಿಂದ ಹೊರಟ ನಿಮ್ಮ ಧ್ವನಿ ಅವರದೇ ಮೈಕಿಗೆ ಹೊಕ್ಕು ತಿರುಗಿ ಬರುತ್ತಿದೆ. ಸ್ಪೀಕರ್ ಸದ್ದು ತಗ್ಗಿಸಲು, ಇಲ್ಲವೇ ಇಯರ್‌ಫೋನ್ ಹಾಕಲು ಅವರಿಗೆ ಹೇಳಿ. ನೀವು ಎಷ್ಟು ಸಲ ಫೋನು ಆಫ್ ಮಾಡಿ ಆನ್ ಮಾಡಿದರೂ ಇದು ಹೋಗದು. ತಿರುಗಿಸಿ ನೋಡಿದರೆ, ಅವರಿಗೆ ಅವರ ಧ್ವನಿ ಕೇಳುತ್ತಿದ್ದರೆ ಸ್ಪೀಕರ್ ತಗ್ಗಿಸಬೇಕಾದವರು ನೀವು.

ತುಂಡಾಗುವುದು ವೇಗ ಸಾಲದೆ ಎಂದು ಎಲ್ಲರೂ ದೊಡ್ಡ ಪ್ಲಾನಿಗೆ ಹೋಗುತ್ತಾರೆ. ಧ್ವನಿಗೆ ವೇಗ ಬೇಕಾದದ್ದು ಬಹಳ ಕಡಿಮೆ. ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ವಿಡಿಯೋಕ್ಕೆ ಐದರ ಆಸುಪಾಸು. ಕೆಡಿಸುವುದು ನಡುನಡುವೆ ಕಳೆದುಹೋಗುವ ತುಣುಕುಗಳು. ಅವು ಹೆಚ್ಚಾಗಿ ಕಳೆದುಹೋಗುವುದು ಸಮುದ್ರದಡಿಯ ಕೇಬಲಿನಲ್ಲಲ್ಲ, ನಿಮ್ಮ ಮನೆಯ ಗೋಡೆಯಲ್ಲಿ. ಮುರಕಲ್ಲಿನ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ, 2.4 ಗಿಗಾಹರ್ಟ್ಸ್ ಅದಕ್ಕಿಂತ ಚೆನ್ನಾಗಿ ದಾಟುತ್ತದೆ. ಮೋಡೆಮಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಒಳಕೋಣೆಯಲ್ಲಿ 2.4ಕ್ಕೆ, ಮೋಡೆಮ್ ಇರುವ ಚಾವಡಿಯಲ್ಲಿ 5ಕ್ಕೆ ಸೇರಿ. ಪರೀಕ್ಷೆ ಸುಲಭ: ಮೋಡೆಮಿನ ಮುಂದೆ ನಿಂತು ಕರೆ ಮಾಡಿ. ಅಲ್ಲಿ ಚೆನ್ನಾಗಿದ್ದು ಒಳಗೆ ಕೆಟ್ಟರೆ ಗೋಡೆ. ಅಲ್ಲೂ ಕೆಟ್ಟರೆ ಕೇಬಲಿನವರನ್ನು ಕರೆಯಿರಿ. ಅಷ್ಟಕ್ಕೂ ಸರಿಯಾಗದಿದ್ದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ ಒಳಗೆ ಕರೆಗೆ ಕಡಿಮೆ ಡೇಟಾ ಬಳಸುವ ಗುಂಡಿ ಉಂಟು, ಆನ್ ಮಾಡಿ. ಒಂದೇ ಹೊತ್ತಿಗೆ ಊರಲ್ಲಿ ಎಲ್ಲರ ನೆಟ್ ಕರೆಯೂ ಕೆಟ್ಟರೆ ಮಾತ್ರ ಕಡಲಿನ ಕೇಬಲನ್ನು ಸಂಶಯಿಸಿ. 2025ರ ಸೆಪ್ಟೆಂಬರಿನಲ್ಲಿ ಜಿದ್ದಾ ಹತ್ತಿರ ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದಾಗ ಭಾರತದಲ್ಲೂ ಯುಎಇಯಲ್ಲೂ ನೆಟ್ ನಿಧಾನವಾಗಿತ್ತು.

ಕರೆಂಟಿನ ವಿಚಾರ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ವಿದ್ಯುತ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಅದು ಬದುಕಿರುತ್ತಿತ್ತು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಮೋಡೆಮ್ ಆರಿದರೆ ನೆಟ್ಟೂ ಇಲ್ಲ, ಫೈಬರ್ ಲ್ಯಾಂಡ್‌ಲೈನೂ ಇಲ್ಲ. ಮನೆಗೆ ಇನ್ವರ್ಟರ್ ಇದ್ದರೆ ಮೋಡೆಮಿನ ಪ್ಲಗ್ಗನ್ನು ಅದರ ಲೈನಿಗೆ ಹಾಕಿಸಿ. ಇಲ್ಲವಾದರೆ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಮೋಡೆಮಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. 12 ವೋಲ್ಟ್ ಎಂದಿದ್ದರೆ 12ರದ್ದೇ ಬೇಕು, 9ರದ್ದು ಬೇಡ. ಆಂಪಿಯರ್ ಅಡಾಪ್ಟರಿನಷ್ಟೇ ಅಥವಾ ಜಾಸ್ತಿ ಇರಲಿ. ಕೆಲವರ ಮನೆಯಲ್ಲಿ ಫೈಬರಿನ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ. ಎರಡಕ್ಕೂ ವಿದ್ಯುತ್ ಬೇಕು. ಎಷ್ಟು ಹೊತ್ತು ಬರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು: ಯುಪಿಎಸ್ ಒಳಗಿನ 3.7 ವೋಲ್ಟಿನ ಸೆಲ್ಲುಗಳ 8800 ಎಂಎಎಚ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಎಂದರೆ ಸುಮಾರು 32 ವಾಟ್-ಗಂಟೆ. ಮೋಡೆಮ್ 8 ವಾಟ್ ಎಳೆದರೆ ಲೆಕ್ಕಕ್ಕೆ 4 ಗಂಟೆ, ಪರಿವರ್ತನೆಯ ನಷ್ಟ ಕಳೆದರೆ 3.

ಸಿಡಿಲಿನ ಹೊತ್ತಿಗೆ, ಅದರಲ್ಲೂ ಎಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಸಂಜೆಗಳಲ್ಲಿ, ಪ್ಲಗ್ ಕಿತ್ತಿಡಿ. ಫೈಬರ್ ಗಾಜಿನದ್ದು, ಅದರಲ್ಲಿ ಸಿಡಿಲಿನ ವಿದ್ಯುತ್ ಬಾರದು. ಮೋಡೆಮ್ ಸುಡುವುದು ಕರೆಂಟಿನ ತಂತಿಯಿಂದ.

ರೇಂಜ್ ಇಲ್ಲದಿದ್ದರೂ ವೈಫೈ ಇದೆಯಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಆಮೇಲೆ ಸಾದಾ ಕರೆಗಳೂ ವೈಫೈ ಮೂಲಕ ಹೋಗುತ್ತವೆ, ಬರುತ್ತವೆ. ಆದರೆ ಇದನ್ನು ನೆಟ್ ಕರೆ ಎಂದು ತಿಳಿದು ದುಬೈಗೆ ಒತ್ತಬೇಡಿ. ದಾರಿಯ ಮೊದಲ ತುಂಡು ಮಾತ್ರ ವೈಫೈ, ಕರೆ ಕಂಪೆನಿಯದ್ದೇ. ಐಎಸ್‌ಡಿ ದರ ಪೂರ್ತಿ.

ಪ್ರಶ್ನೆ: ಮಗ ಗಲ್ಫಿನಿಂದ ಯಾವುದೋ ಅಗ್ಗದ ಆ್ಯಪ್‌ನಲ್ಲಿ ಕರೆ ಮಾಡುತ್ತಾನೆ. ನನ್ನ ಫೋನಿನಲ್ಲಿ ಅವನ ನಂಬ್ರ ಬಾರದೆ ಯಾವುದೋ ಭಾರತದ ಮೊಬೈಲ್ ನಂಬ್ರ ಬರುತ್ತದೆ, ಒಂದೊಂದು ಸಲ ಒಂದೊಂದು. ತಿರುಗಿ ಮಾಡಿದರೆ ಹೋಗುವುದಿಲ್ಲ. ಇನ್ನೊಂದು ವಿಷಯ: ನಮ್ಮ ಮಹಡಿ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ಕರೆಂಟು ನೆಟ್ಟು ಕೊಟ್ಟರೆ ತಿಂಗಳಿಗೆ ಬಾಡಿಗೆ ಕೊಡುತ್ತೇವೆ ಎಂದು ಇಬ್ಬರು ಬಂದಿದ್ದರು. (ಮಂಜೇಶ್ವರ)

ಉತ್ತರ: ಒಂದೇ ಪತ್ರದಲ್ಲಿ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಬರೆದಿದ್ದೀರಿ. ಮಗನ ಕರೆ ಬರುತ್ತಿರುವುದು ಅಂಥ ಪೆಟ್ಟಿಗೆಯೊಂದರಿಂದಲೇ ಇರಬೇಕು. ಅದಕ್ಕೆ ಸಿಮ್ ಬಾಕ್ಸ್ ಎನ್ನುತ್ತಾರೆ.

ಹೊರದೇಶದ ಕರೆ ನೇರ ದಾರಿಯಲ್ಲಿ ಬಂದರೆ ಅದನ್ನು ನಿಮ್ಮ ಫೋನಿಗೆ ಮುಟ್ಟಿಸುವ ಭಾರತದ ಕಂಪೆನಿಗೆ ನಿಮಿಷಕ್ಕೆ 35ರಿಂದ 65 ಪೈಸೆಯೊಳಗೆ ಒಂದು ದರ ಸಲ್ಲಬೇಕು. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2020ರ ಮೇ 1ರಿಂದ ಇಟ್ಟ ಮಿತಿ ಅದು. ಭಾರತದೊಳಗೆ ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋಗುವ ಕರೆಗೆ ಈ ದರ 2021ರ ಜನವರಿ 1ರಿಂದ ಸೊನ್ನೆ. ಈ ವ್ಯತ್ಯಾಸದಲ್ಲೇ ಕಳ್ಳರ ಲಾಭ. ಗಲ್ಫಿನ ಕರೆಯನ್ನು ನೆಟ್ಟಿನಲ್ಲಿ ತಂದು, ಊರೊಳಗೆ ಅಡಗಿಸಿಟ್ಟ ಪೆಟ್ಟಿಗೆಯಲ್ಲಿ ಹತ್ತಾರು ಅನ್‌ಲಿಮಿಟೆಡ್ ಸಿಮ್ ತುಂಬಿ, ಅಲ್ಲಿಂದ ನಿಮಗೆ ಸಾದಾ ಊರ ಕರೆಯಾಗಿ ಒತ್ತುತ್ತಾರೆ. ನಂಬ್ರ ದಿನಕ್ಕೊಂದು ಬದಲಾಗುವುದು ಸಿಮ್ ಬದಲಾಗುವುದರಿಂದ. ತಿರುಗಿ ಮಾಡಿದರೆ ಹೋಗದಿರುವುದು ಅಲ್ಲಿ ಎತ್ತುವ ಮನುಷ್ಯರೇ ಇಲ್ಲದ್ದರಿಂದ.

ಕರೆ ಎತ್ತಿದ್ದು ನಿಮ್ಮ ತಪ್ಪಲ್ಲ. ಆದರೆ ಆ ದಾರಿಯಲ್ಲಿ ಕರೆ ಮಾಡಿದವರು ಯಾರು ಎಂಬ ಗುರುತು ಉಳಿಯುವುದಿಲ್ಲ, ವಂಚಕರೂ ಅದನ್ನೇ ಬಳಸುತ್ತಾರೆ. ಮಗನಿಗೆ ಆ ಆ್ಯಪ್ ಬಿಡಲು ಹೇಳಿ. ಹೊರದೇಶದಿಂದ ಬರುತ್ತಲೇ ಭಾರತದ ನಂಬ್ರದ ವೇಷ ಹಾಕುವ ಕರೆಗಳನ್ನು ತಡೆಯಲು 2024ರ ಅಕ್ಟೋಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಒಂದು ವ್ಯವಸ್ಥೆ ಸುರು ಮಾಡಿದೆ. ಪೆಟ್ಟಿಗೆಯ ಕರೆ ಹುಟ್ಟುವುದು ಇಲ್ಲಿಯೇ ಆದ್ದರಿಂದ ಅದು ಆ ಜರಡಿಗೆ ಸಿಗುವುದಿಲ್ಲ. (ಮಗ ಊರಿನ ಸಿಮ್ಮನ್ನೇ ರೋಮಿಂಗಿನಲ್ಲಿ ಬಳಸಿದರೂ ಭಾರತದ ನಂಬ್ರ ಬರುತ್ತದೆ, ಅದು ಅವನದೇ ನಂಬ್ರ, ಬದಲಾಗುವುದಿಲ್ಲ. ಅದರಲ್ಲಿ ತಪ್ಪಿಲ್ಲ.)

ಮಹಡಿ ಕೋಣೆಯ ಬಾಡಿಗೆ ಮಾತು ಅಲ್ಲಿಗೇ ಬಿಡಿ. ಅನುಮತಿಯಿಲ್ಲದೆ ದೂರಸಂಪರ್ಕ ಸೇವೆ ನಡೆಸುವುದಕ್ಕೆ 2023ರ ದೂರಸಂಪರ್ಕ ಕಾಯಿದೆಯಲ್ಲಿ 3 ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ. ಪೊಲೀಸರು ಮೊದಲು ಬಡಿಯುವುದು ಪೆಟ್ಟಿಗೆ ಇರುವ ಮನೆಯ ಬಾಗಿಲನ್ನು. ಬಂದವರು ಆಧಾರ್ ಪ್ರತಿ ತೆಗೆದುಕೊಂಡಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಎಂದು ಇವತ್ತೇ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ‘ನನ್ನದಲ್ಲ’ ಎಂದು ಗುರುತು ಮಾಡಿ. ಸಂಶಯದ ಕರೆಗಳ ದೂರಿಗೂ ಅಲ್ಲೇ ಜಾಗ ಉಂಟು.

ಪ್ರಶ್ನೆ: ‘+371, +375, +381ರಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ, 3 ಸೆಕೆಂಡಿನಲ್ಲಿ ನಿಮ್ಮ ಕಾಂಟ್ಯಾಕ್ಟ್ ಎಲ್ಲ ಕದಿಯುತ್ತಾರೆ’ ಎಂಬ ಸಂದೇಶ ಭಜನಾ ಮಂದಿರದ ಗುಂಪಿನಲ್ಲಿ ಬಂತು. ನಿಜವೇ? (ನೀರ್ಚಾಲು)

ಉತ್ತರ: ಅರ್ಧ ನಿಜ. ಕೋಡ್‌ಗಳು ನಿಜವಾದವು: 371 ಲಾಟ್ವಿಯಾ, 375 ಬೆಲಾರುಸ್, 381 ಸರ್ಬಿಯಾ. ತಿರುಗಿ ಮಾಡಬಾರದೆಂಬುದೂ ನಿಜ. ಕಾಂಟ್ಯಾಕ್ಟ್ ಕದಿಯುವುದು ಸುಳ್ಳು. ಬರೀ ಮಾತಿನ ಕರೆಯಿಂದ ಫೋನಿನೊಳಗಿನ ಪಟ್ಟಿ ಹೊರಗೆ ಹೋಗುವುದಿಲ್ಲ. ಹೋಗುವುದು ಹಣ. ಒಂದೇ ರಿಂಗ್ ಕೊಟ್ಟು ಕಟ್ ಮಾಡುತ್ತಾರೆ, ಯಾರಪ್ಪಾ ಎಂದು ನೀವು ಮಾಡುತ್ತೀರಿ, ಆಚೆ ಸಂಗೀತವೋ ‘ಕಾಯಿರಿ’ ಎಂಬ ಧ್ವನಿಯೋ ಕೇಳುತ್ತಿರುತ್ತದೆ. ಆ ನಂಬ್ರಕ್ಕೆ ಸಲ್ಲುವ ನಿಮಿಷದ ದರದಲ್ಲಿ ಅವರಿಗೆ ಪಾಲು. ಜಪಾನಿನವರು ಇದಕ್ಕೆ ಇಟ್ಟ ಹೆಸರು ವಾಂಗಿರಿ, ಒಂದು ಬಡಿದು ಕಟ್ ಎಂದರ್ಥ.

+1 ಕಂಡ ಕೂಡಲೇ ಅಮೆರಿಕದ ಮೊಮ್ಮಗಳೆಂದು ತಿಳಿಯಬೇಡಿ. ಜಮೈಕಾ (+1 876), ಗ್ರೆನಾಡಾ (+1 473) ಕೂಡ ಅದೇ +1ರೊಳಗಿವೆ, ದರ ಮಾತ್ರ ಅಮೆರಿಕದ್ದಲ್ಲ. ಗಲ್ಫಿನ ಕೋಡ್ ಮನೆಯವರಿಗೆ ಬಾಯಿಪಾಠ ಇರುತ್ತದೆ, ಉಳಿದದ್ದು ಬಂದರೆ ಬಿಟ್ಟುಬಿಡಿ. ಬೇಕಾದವರು ಮತ್ತೆ ಮಾಡುತ್ತಾರೆ. ಐಎಸ್‌ಡಿ ಬೇಡವೇ ಬೇಡ ಎಂದಾದರೆ ಮುಚ್ಚಿಸಿಬಿಡಿ. ವಾಟ್ಸಾಪ್ ಕರೆಗೆ ಅದರಿಂದ ತೊಂದರೆಯಿಲ್ಲ.

ವಾಟ್ಸಾಪ್‌ಗೇ ಗುರುತಿಲ್ಲದ ಹೊರದೇಶದ ಕರೆ ಬರುವುದು ಬೇರೆ ಬಗೆ. 2023ರಲ್ಲಿ +62 (ಇಂಡೋನೇಷ್ಯಾ), +84 (ವಿಯೆಟ್ನಾಂ), +254 (ಕೀನ್ಯಾ) ಕೋಡ್‌ಗಳಿಂದ ಅವು ರಾಶಿ ರಾಶಿ ಬಂದವು. ಪ್ರೈವಸಿ ಸೆಟ್ಟಿಂಗ್ಸ್‌ನ ‘ಕಾಲ್ಸ್’ ಒಳಗೆ ಗುರುತಿಲ್ಲದವರ ಕರೆಯ ಸದ್ದಡಗಿಸುವ ಗುಂಡಿ ಉಂಟು. ಮಗ ದುಬೈಯಲ್ಲಿ ಅರೆಸ್ಟ್ ಆಗಿದ್ದಾನೆ, ಕೂಡಲೇ ಹಣ ಹಾಕಿ ಎಂದು ಯಾರಾದರೂ ಹೇಳಿದರೆ ಕಟ್ ಮಾಡಿ, ಉಳಿಸಿಟ್ಟ ಮಗನ ನಂಬ್ರಕ್ಕೆ ನೀವೇ ಮಾಡಿ. ಹಣ ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅದೇ ಗಳಿಗೆ ಕರೆ ಮಾಡಿ. ಬೇಗ ಹೇಳಿದಷ್ಟು ಬ್ಯಾಂಕಿನಲ್ಲಿ ತಡೆಹಿಡಿಯಲು ಸಾಧ್ಯ.

ಪ್ರಶ್ನೆ: ಮಗಳು ಅಮೆರಿಕದ ನ್ಯೂಜೆರ್ಸಿ, ಮಗ ರಿಯಾದ್. ಮೂರೂ ಕಡೆಗೆ ಒಗ್ಗುವ ಹೊತ್ತು ಯಾವುದು? ಅಮೆರಿಕದ ಗಂಟೆ ವರ್ಷಕ್ಕೆರಡು ಸಲ ಬದಲಾಗಿ ತಲೆ ತಿರುಗುತ್ತದೆ. (ಉಪ್ಪಳ)

ಉತ್ತರ: ನಮ್ಮ ರಾತ್ರಿ 8.30. ಆಗ ರಿಯಾದಿನಲ್ಲಿ ಸಂಜೆ 6. ದುಬೈ, ಮಸ್ಕತ್ತಿನಲ್ಲಿ 7. ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ 10, ಬೇಸಿಗೆಯಲ್ಲಿ 11. ಅವರ ಗಡಿಯಾರ ಮಾರ್ಚ್ ಎರಡನೇ ಆದಿತ್ಯವಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಆದಿತ್ಯವಾರ ಹಿಂದೆ ಬರುತ್ತದೆ. ಗಲ್ಫಿನಲ್ಲಿ ಈ ಆಟವಿಲ್ಲ. ರಜೆಯ ದಿನ ಬೇಕೆಂದರೆ ಶನಿವಾರ ಹಿಡಿಯಿರಿ: ಸೌದಿಯಲ್ಲಿ ಶುಕ್ರ-ಶನಿ ರಜೆ, ಅಮೆರಿಕದಲ್ಲಿ ಶನಿ-ಆದಿತ್ಯ.

ಪ್ರಶ್ನೆ: ಹೊರದೇಶದವರಿಗೆ ನಮ್ಮ ಮನೆಯ ಲ್ಯಾಂಡ್‌ಲೈನ್ ನಂಬ್ರ ಹೇಗೆ ಬರೆದು ಕೊಡಬೇಕು? (ವರ್ಕಾಡಿ)

ಉತ್ತರ: +91, ನಂತರ ಸೊನ್ನೆ ಬಿಟ್ಟ ಎಸ್‌ಟಿಡಿ ಕೋಡ್, ನಂತರ ನಂಬ್ರ. ನಿಮ್ಮ ಮಂಜೇಶ್ವರ ಕಡೆಗೆ 4998, ಕಾಸರಗೋಡಿಗೆ 4994, ಕಾಞಂಗಾಡಿಗೆ 467. +91ರ ಬಳಿಕ ಒಟ್ಟು 10 ಅಂಕಿ ಬರಬೇಕು. ತಲಪಾಡಿಯ ಆಚೆ ಮಂಗಳೂರಿನ 824 ಹಾಕಿದರೆ ಇನ್ಯಾರದೋ ಮನೆಯಲ್ಲಿ ರಿಂಗ್ ಆದೀತು. ಜೊತೆಗೆ ಇದನ್ನೂ ಹೇಳಿ: 1800ರಿಂದ ಸುರುವಾಗುವ ನಮ್ಮ ಪುಕ್ಕಟೆ ನಂಬ್ರಗಳು ಹೊರದೇಶದಿಂದ ಸಾಮಾನ್ಯವಾಗಿ ಹೋಗುವುದಿಲ್ಲ. ಬ್ಯಾಂಕಿನದ್ದಾದರೆ +91 ಇರುವ ಬೇರೆ ನಂಬ್ರವನ್ನು ಕಾರ್ಡಿನ ಹಿಂದೆ ನೋಡಿ ಬರೆದುಕೊಳ್ಳಲಿ.

ಪ್ರಶ್ನೆ: ಸ್ಕೈಪ್‌ನಲ್ಲಿ ಹಣ ಹಾಕಿ ಲ್ಯಾಂಡ್‌ಲೈನಿಗೆ ಕರೆ ಮಾಡುತ್ತಿದ್ದೆ. ಈಗ ತೆರೆಯುವುದೇ ಇಲ್ಲ. (ಕಾಸರಗೋಡು)

ಉತ್ತರ: ಸ್ಕೈಪ್ 2025ರ ಮೇ 5ಕ್ಕೆ ಮುಚ್ಚಿತು. ಆಚೆಯವರಿಗೆ ಸ್ಮಾರ್ಟ್‌ಫೋನ್ ಇದ್ದರೆ ನೆಟ್ ಕರೆ, ಇಲ್ಲದಿದ್ದರೆ ಐಎಸ್‌ಡಿ ಪ್ಯಾಕ್.

ಪ್ರಶ್ನೆ: ಅಣ್ಣ ಯುಎಇಯಲ್ಲಿದ್ದಾನೆ. ನಾಲ್ಕು ದಿನದಿಂದ ಫೋನು ಸ್ವಿಚ್ ಆಫ್. ಅಮ್ಮ ಊಟ ಬಿಟ್ಟಿದ್ದಾರೆ. ಎಲ್ಲಿ ಕೇಳುವುದು? (ಪೆರ್ಲ)

ಉತ್ತರ: ನಿಮಗೆ ಅಂಚೆಯಲ್ಲೂ ಉತ್ತರ ಕಳಿಸಿದ್ದೇವೆ, ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಹಾಕುತ್ತಿದ್ದೇವೆ.

ಮೊದಲು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿ ನೋಡಿ. ಒಂದೇ ಗೆರೆ ಬಿದ್ದರೆ ಅದು ಅವರ ಫೋನಿಗೆ ಮುಟ್ಟಿಲ್ಲ. ಎರಡು ಬಿದ್ದರೆ ಸಿಮ್ ಸತ್ತಿದ್ದರೂ ಫೋನು ಎಲ್ಲಿಯೋ ವೈಫೈಯಲ್ಲಿ ಬದುಕಿದೆ ಎಂದರ್ಥ. ಬಿಲ್ಲು ಕಟ್ಟದೆ ಸಿಮ್ ನಿಂತವರು, ಫೋನು ಒಡೆದವರು ಹೀಗೆಯೇ ಸಿಗುತ್ತಾರೆ. ಆಮೇಲೆ ರೂಮಿನ ಜೊತೆಗಾರ, ಕಂಪೆನಿಯ ಆಫೀಸು, ಅದೇ ಊರಲ್ಲಿರುವ ನಮ್ಮ ಕಡೆಯವರು, ಈ ಕ್ರಮದಲ್ಲಿ ವಿಚಾರಿಸಿ. ಆಫೀಸಿನ ಲ್ಯಾಂಡ್‌ಲೈನ್ ಇದ್ದರೆ ದುಬೈಗೆ 00 971 4, ಅಬುಧಾಬಿಗೆ 2, ಶಾರ್ಜಾಕ್ಕೆ 6, ಬಳಿಕ 7 ಅಂಕಿ. ಶುಕ್ರವಾರ ಮಧ್ಯಾಹ್ನದ ಮೇಲೆ ಎತ್ತುವವರು ಸಿಗಲಿಕ್ಕಿಲ್ಲ.

ಅಷ್ಟರಲ್ಲಿ ಸಿಗದಿದ್ದರೆ ಹೊರದೇಶದಲ್ಲಿರುವವರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸ್‌ಗೆ ಫೋನು ಮಾಡಿ: 1800 425 3939, ಭಾರತದೊಳಗಿನಿಂದ ಪುಕ್ಕಟೆ. ಅಲ್ಲಿರುವವರು ಅದೇ ನೋರ್ಕಾಕ್ಕೆ ಮಿಸ್ಡ್ ಕಾಲ್ ಕೊಡಬೇಕಾದದ್ದು +91 88020 12345. ಯುಎಇಯ ಒಳಗೆ ಭಾರತೀಯ ದೂತಾವಾಸದ ಸಹಾಯ ಕೇಂದ್ರದ ಪುಕ್ಕಟೆ ನಂಬ್ರ 800 46342; ಅದು ಇಲ್ಲಿಂದ ಹೋಗುವುದಿಲ್ಲ, ಅಣ್ಣನ ಜೊತೆಗಾರರಿಂದ ಮಾಡಿಸಿ. ಕೇಂದ್ರ ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಸ್ವಂತ ಮಾಡಲು ಬಾರದಿದ್ದರೆ ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಕೇಳಿ.

ಎಲ್ಲ ಕಡೆಯೂ ಕೇಳುವುದು ಇವನ್ನೇ: ಪಾಸ್‌ಪೋರ್ಟ್ ನಂಬ್ರ, ಎಮಿರೇಟ್ಸ್ ಐಡಿ (784ರಿಂದ ಸುರುವಾಗುವ 15 ಅಂಕಿ, ಸೌದಿಯಾದರೆ 10 ಅಂಕಿಯ ಇಕಾಮ, ಅಂದರೆ ವಾಸದ ಪರವಾನಗಿ), ಕಂಪೆನಿಯ ಪೂರ್ತಿ ಹೆಸರು, ಕೊನೆಯ ಸಲ ಮಾತಾಡಿದ ದಿನ. ಮನೆಯಿಂದ ಯಾರೇ ಹೊರಡುವಾಗ ಪಾಸ್‌ಪೋರ್ಟ್, ವೀಸಾಗಳ ಪ್ರತಿ ತೆಗೆದು, ಹಿಂಬದಿಯಲ್ಲಿ ರೂಮಿನ ಇಬ್ಬರ ನಂಬ್ರವನ್ನು + ಸಮೇತ ಬರೆದು, ರೇಷನ್ ಕಾರ್ಡಿನ ಜೊತೆ ಇಡಿ.